ಕಲ್ಯಾಣದ ಸ್ತಂಭಶ್ರಮ, ಸ್ಟ್ಯಾನ್ಮೋರಿನ ಕಂಬ

ಲಂಡನ್ ಮಹಾನಗರದ ವಾಯವ್ಯದ ಅಂಚಿನಲ್ಲಿ, ಜೂಬಿಲಿ ಮಾರ್ಗದ ರೈಲು ತನ್ನ ಓಟವನ್ನು ಮುಗಿಸಿ ನಿಲ್ಲುವ ಎಡೆಯಲ್ಲಿ, ಸ್ಟ್ಯಾನ್ಮೋರ್ ಎಂಬ ಊರಿದೆ. ಹಿಂದೆ ಮಿಡ್ಲ್‌ಸೆಕ್ಸ್ ಸೀಮೆಯ ಒಂದು ಗ್ರಾಮವಾಗಿದ್ದ ಇದು, ಫ್ರೆಡರಿಕ್ ಗಾರ್ಡನ್ ಎಂಬ ಹೋಟೆಲು ಉದ್ಯಮಿಯ ಪ್ರಯತ್ನದಿಂದ 1890ರಲ್ಲಿ ಬಂದ ಕವಲು ರೈಲುದಾರಿಯಿಂದಲೂ, ಅನಂತರ 1932ರ ಡಿಸೆಂಬರಿನಲ್ಲಿ ತೆರೆದ ಮೆಟ್ರೊಪಾಲಿಟನ್ ರೈಲುನಿಲ್ದಾಣದಿಂದಲೂ ನಗರದ ತೆಕ್ಕೆಗೆ ಸೇರಿತು. ಎರಡು ಮಹಾಯುದ್ಧಗಳ ನಡುವಣ ಆ ವರ್ಷಗಳಲ್ಲಿ ಕಟ್ಟಿದ, ಒಂದೇ ಗೋಡೆಯನ್ನು ಹಂಚಿಕೊಂಡ ಜೋಡಿಮನೆಗಳ ಸಾಲುಗಳೇ ಇಂದಿಗೂ ಅದರ ಮುಖಲಕ್ಷಣವಾಗಿವೆ. ಲಂಡನ್ನಿನ ಇಂಥ ಉಪನಗರಗಳ ಮನೆಗಳಲ್ಲಿ ಈಚಿನ ಒಂದೆರಡು ದಶಕಗಳಿಂದ ಒಂದು ಹೊಸ ಅಭ್ಯಾಸ ರೂಢಿಗೆ ಬಂದಿದೆ. ಕುರ್ಚಿ ಮೇಜುಗಳನ್ನು ಗೋಡೆಯ ಬದಿಗೆ ಸರಿಸಿ, ನೆಲಕ್ಕೂ ಚಾವಣಿಗೂ ನಡುವೆ ಉಕ್ಕಿನ ಕಂಬವೊಂದನ್ನು ಬಿಗಿದು ನಿಲ್ಲಿಸಿ, ಅದನ್ನು ಹಿಡಿದು ಸುತ್ತುವುದನ್ನೂ ಏರುವುದನ್ನೂ ಕಾಲನ್ನು ಮೇಲೆ ಮಾಡಿ ತೂಗುವುದನ್ನೂ ಕಲಿಯುವವರು, ಅವರಲ್ಲಿ ಬಹುಪಾಲು ಸ್ತ್ರೀಯರು, ಆಫೀಸಿನ ಕೆಲಸ ಮುಗಿದ ಮೇಲಿನ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡುತ್ತಾರೆ.

ಪೋಲ್ ಡ್ಯಾನ್ಸ್ ಎಂದು ಹೆಸರಾದ ಈ ವಿದ್ಯೆಯನ್ನು ಕನ್ನಡದ ಮನೆಮಗಳೊಬ್ಬಳು ಕಲಿಯಬಯಸಿದಳೆಂದರೆ, ಅವಳು ಮೊದಲು ಎದುರಿಸಬೇಕಾದುದು ಕಂಬದ ಜಾರಿಕೆಯನ್ನಲ್ಲ, ಹಿರಿಯರ ಹುಬ್ಬುಗಂಟನ್ನು. ರಾತ್ರಿಯ ಮದ್ಯಶಾಲೆಗಳಲ್ಲಿ ನಡೆಯುವ ಪ್ರದರ್ಶನದ ಛಾಯೆ ಆ ಹೆಸರಿಗೆ ಅಂಟಿಕೊಂಡಿರುವುದರಿಂದ, ಊರಿನಿಂದ ಅತ್ತೆ ಮಾವಂದಿರು ಬರುವ ವಾರ ಕಂಬವನ್ನು ಬಿಚ್ಚಿ ಮಂಚದ ಅಡಿಗೆ ಸೇರಿಸಿಬಿಡುವ ಯೋಚನೆ ಯಾರಿಗಾದರೂ ಬರಬಹುದಾದದ್ದೇ. ಚರಿತ್ರೆಯನ್ನು ಪೂರ್ತಿಯಾಗಿ ಅರಿತರೆ ಆ ಸಂಕೋಚಕ್ಕೆ ಎಡೆಯಿಲ್ಲವೆಂಬುದನ್ನೂ, ಕಂಬವನ್ನು ಹಿಡಿದು ಶರೀರವನ್ನು ಸಾಧಿಸುವ ವಿದ್ಯೆ ಕನ್ನಡನಾಡಿನ ರಾಜಧಾನಿಯೊಂದರಲ್ಲಿಯೇ ಶಾಸ್ತ್ರವಾಗಿ ಬರೆಯಲ್ಪಟ್ಟಿತೆಂಬುದನ್ನೂ, ಆ ಪರಂಪರೆಯ ಶಿಸ್ತೇ ಮನೆಯಲ್ಲಿ ಒಂಟಿಯಾಗಿ ಕಲಿಯುವವರಿಗೆ ಇಂದು ಅತ್ಯಂತ ಅಗತ್ಯವಾದುದೆಂಬುದನ್ನೂ ಇಲ್ಲಿ ತಿಳಿಸಬೇಕೆಂದಿದ್ದೇನೆ.

ಆರನೆಯ ವಿಕ್ರಮಾದಿತ್ಯನ ಮಗನೂ, ತಂದೆಯ ಅನಂತರ ಕಲ್ಯಾಣದ ಸಿಂಹಾಸನವನ್ನೇರಿ 1138ರವರೆಗೆ ಆಳಿದವನೂ ಆದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಯುದ್ಧಗಳಿಂದ ಗಳಿಸಿದ ಕೀರ್ತಿಗಿಂತ ಒಂದು ಗ್ರಂಥದಿಂದ ಗಳಿಸಿದ ಕೀರ್ತಿಯೇ ಹೆಚ್ಚಿನದು. ‘ಮಾನಸೋಲ್ಲಾಸ’ವೆಂದೂ ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಪ್ರಸಿದ್ಧವಾದ ಆ ಸಂಸ್ಕೃತ ಗ್ರಂಥ, ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ರಾಜ್ಯವನ್ನು ಸಂಪಾದಿಸುವ ಬಗೆಯಿಂದ ಹಿಡಿದು ರತ್ನಪರೀಕ್ಷೆ, ಗಜಶಾಸ್ತ್ರ, ಪಾಕ, ಗೀತ, ನೃತ್ಯ, ಮೃಗಯೆಗಳವರೆಗೆ ಅರಸನೊಬ್ಬನು ಅರಿಯಬೇಕಾದ ಎಲ್ಲವನ್ನೂ ಒಳಗೊಂಡಿದೆ. ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆಂದು ನಾವು ಕರೆಯುವ ಊರಿನ ಅರಮನೆಯ ಊಟದ ತಟ್ಟೆಯಲ್ಲಿ ಏನೇನು ಇತ್ತೆಂಬುದನ್ನು ಹೇಗೆ ಈ ಗ್ರಂಥದಿಂದಲೇ ತಿಳಿಯುತ್ತೇವೆಯೋ, ಹಾಗೆಯೇ ಆ ಅರಮನೆಯ ಜಟ್ಟಿಗಳ ಮೈ ಹೇಗೆ ಹುರಿಗೊಳ್ಳುತ್ತಿತ್ತೆಂಬುದನ್ನೂ ಅದರ ‘ಮಲ್ಲವಿನೋದ’ ಎಂಬ ಪ್ರಕರಣದಿಂದ ತಿಳಿಯುತ್ತೇವೆ. ಮಲ್ಲರನ್ನು ಅವರ ವಯಸ್ಸು ಬಲಗಳಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ಅವರಿಗೆ ತಕ್ಕ ಆಹಾರವನ್ನು ಹೇಳಿ, ಆಮೇಲೆ ಸೋಮೇಶ್ವರನು ಅವರು ಮಾಡಬೇಕಾದ ಶ್ರಮಗಳನ್ನು ನಿರೂಪಿಸುತ್ತಾನೆ: ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳುಗಳನ್ನು ತಳ್ಳಿ ಸೆಣಸುವ ಬಾಹುಪೆಲ್ಲಣಕ, ಮತ್ತು ಕಂಬದೊಡನೆ ಮಾಡುವ ಸ್ತಂಭಶ್ರಮ.

ಈ ಕೊನೆಯ ಸ್ತಂಭಶ್ರಮವೇ, ಕಂಬವನ್ನೇರಿ ಮಾಡುವ ವ್ಯಾಯಾಮಕ್ರೀಡೆಯಾದ ಮಲ್ಲಗಂಬದ ಅತಿ ಹಳೆಯ ಲಿಖಿತ ಉಲ್ಲೇಖವೆಂದು ಆ ಕ್ರೀಡೆಯವರೆಲ್ಲರೂ ಗೌರವದಿಂದ ಸ್ಮರಿಸುತ್ತಾರೆ. ಅದನ್ನು ಸ್ಮರಿಸುವಾಗ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಸೋಮೇಶ್ವರನ ಮಲ್ಲನು ಕಂಬವೊಂದನ್ನೇ ನೆಚ್ಚಿದವನಲ್ಲ. ನಡೆದು, ಈಜಿ, ಭಾರವನ್ನೆತ್ತಿ, ತೋಳನ್ನು ಗಟ್ಟಿಮಾಡಿಕೊಂಡವನು ಕಂಬಕ್ಕೂ ಬರುತ್ತಾನೆ. ಮನೆಯಲ್ಲಿ ಕಂಬವನ್ನು ನಿಲ್ಲಿಸಿದೊಡನೆ ಮಿಕ್ಕ ವ್ಯಾಯಾಮಗಳನ್ನೆಲ್ಲ ತೊರೆದು ದಿನವೂ ಅದಕ್ಕೇ ಜೋತುಬೀಳುವ ಉತ್ಸಾಹಿಗಳು ಕೆಲವೇ ವಾರಗಳಲ್ಲಿ ಭುಜದ ಕೀಲು, ಮೊಣಕೈ, ಮಣಿಕಟ್ಟುಗಳ ನೋವಿಗೆ ಗುರಿಯಾಗುವುದುಂಟು. ತಳ್ಳುವ ಸ್ನಾಯುಗಳಿಗೂ ಕಾಲುಗಳಿಗೂ ಪ್ರತ್ಯೇಕವಾಗಿ ಕೆಲಸ ಕೊಟ್ಟು, ನಡುವೆ ಬಿಡುವಿನ ದಿನಗಳನ್ನಿಟ್ಟು ಕಲಿಯಬೇಕೆಂದು ಇಂದಿನ ಶಿಕ್ಷಕರು ಹೇಳುವುದು ಕಲ್ಯಾಣದ ಆ ಕ್ರಮಕ್ಕೆ ತೀರ ಹತ್ತಿರವಾಗಿದೆ. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಈ ಗ್ರಂಥದ ಭಾಗ ಮೈಸೂರಿನಲ್ಲಿ 1926ರಲ್ಲಿ ಅಚ್ಚಾದುದನ್ನು ನೆನೆದಾಗ, ಇಂಥ ನಿಧಿ ನಮ್ಮ ಕೈಯಲ್ಲಿದ್ದೂ ಅದನ್ನು ನಮ್ಮ ಮಕ್ಕಳ ದೇಹಶಿಕ್ಷಣದ ಪಾಠಗಳಲ್ಲಿ ಒಮ್ಮೆಯೂ ಹೆಸರಿಸದೆ ಹೋದೆವಲ್ಲಾ ಎಂದು ನನಗೆ ವ್ಯಥೆಯಾಗುತ್ತದೆ.

ಸೋಮೇಶ್ವರನ ಅನಂತರ ಹಲವು ಶತಮಾನಗಳ ಕಾಲ ಗ್ರಂಥಗಳಲ್ಲಿ ಹೆಚ್ಚಾಗಿ ಕಾಣದ ಈ ವಿದ್ಯೆ ಮತ್ತೆ ಬೆಳಕಿಗೆ ಬಂದುದು ಪುಣೆಯಲ್ಲಿ, 1818ರಲ್ಲಿ ರಾಜ್ಯವನ್ನು ಕಳೆದುಕೊಂಡ ಎರಡನೆಯ ಬಾಜೀರಾಯ ಪೇಶ್ವೆಯ ಕಾಲದಲ್ಲಿ. ಅವನ ವ್ಯಾಯಾಮಗುರುವಾದ ಬಾಳಂಭಟ್ಟ ದಾದಾ ದೇವಧರನು, ನಿಜಾಮನ ಸೀಮೆಯಿಂದ ಬಂದ ಇಬ್ಬರು ಜಟ್ಟಿಗಳ ಸವಾಲನ್ನು ಸ್ವೀಕರಿಸಿ, ಸಪ್ತಶೃಂಗಿಯ ದೇವಿಯ ಸನ್ನಿಧಿಯಲ್ಲಿ ತಪಸ್ಸಿನಂತೆ ಕುಳಿತು, ಮರದಿಂದ ಮರಕ್ಕೆ ಹಾರುವ ಕಪಿಗಳ ಹಿಡಿತಗಳನ್ನು ಕಂಡು ಕಲಿತನೆಂಬುದು ಆ ಸಂಪ್ರದಾಯದವರು ಹೇಳುತ್ತ ಬಂದ ಕಥೆ. ಕಥೆ ಹೇಗೇ ಇರಲಿ, ಅಲ್ಲಿಂದ ಮುಂದೆ ಮಹಾರಾಷ್ಟ್ರದ ತಾಲೀಮುಗಳಲ್ಲಿ ಈ ವಿದ್ಯೆ ಬೇರೂರಿದುದು ನಿಜ. ಮರಾಠರ ಆಡಳಿತದ ನಂಟಿದ್ದ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಗರಡಿಗೆ ತಾಲೀಮೆಂಬ ಹೆಸರೂ, ಗುರುವಿಗೆ ವಸ್ತಾದನೆಂಬ ಹೆಸರೂ ಇಂದಿಗೂ ಬಳಕೆಯಲ್ಲಿವೆ. ಬಾಗಲಕೋಟೆ ಗದಗಗಳ ಕಡೆಯ ಊರುಗಳಲ್ಲಿ ಮಲ್ಲಗಂಬ ಇಂದಿಗೂ ಮಕ್ಕಳ ಕೈಯಲ್ಲಿ ಜೀವಂತವಾಗಿದೆ.

ಆ ಕಂಬವನ್ನು ಹತ್ತಿರದಿಂದ ನೋಡಬೇಕು. ಸಾಗುವಾನಿಯ ದಿಮ್ಮಿಯನ್ನು ಕೆತ್ತಿ ನಯಮಾಡಿ ನೆಲದಲ್ಲಿ ಹೂಳಿದ ಅದು ನೆಲದಿಂದ ಮೇಲಕ್ಕೆ ಎಂಟೂವರೆ ಅಡಿಯಷ್ಟು ಎತ್ತರವಿರುತ್ತದೆ. ಬುಡದಲ್ಲಿ ದಪ್ಪವಾಗಿ, ಮೇಲೆ ಹೋದಂತೆ ಸಣ್ಣಗಾಗಿ, ಕುತ್ತಿಗೆಯಂತೆ ಕಿರಿದಾದ ಭಾಗದ ಮೇಲೆ ಒಂದು ಗುಂಡನೆಯ ತಲೆಯನ್ನು ಹೊತ್ತಿರುತ್ತದೆ. ಅದಕ್ಕೆ ಔಡಲೆಣ್ಣೆಯನ್ನು ಸವರುತ್ತಾರೆ. ಎಣ್ಣೆಯಿಂದ ಕಂಬ ಜಾರುವುದಿಲ್ಲವೆ ಎಂದು ಕೇಳಬಹುದು. ಉಜ್ಜಾಟದಿಂದ ಚರ್ಮ ಸುಲಿಯದಂತೆ ಎಣ್ಣೆ ಕಾಪಾಡುತ್ತದೆ, ಜಾರದಂತೆ ತಡೆಯಬೇಕಾದುದು ತೊಡೆಯ ಬಿಗಿತ. ಹುಡುಗನು ಕಂಬಕ್ಕೆ ನಮಸ್ಕರಿಸಿ, ಎರಡು ಕೈಗಳಿಂದ ಅದನ್ನು ತಬ್ಬಿ, ನೆಲವನ್ನೊದೆದು ಕಾಲುಗಳನ್ನು ತಲೆಯ ಮೇಲಕ್ಕೆ ಎಸೆದು, ತೊಡೆಗಳ ನಡುವೆ ಕಂಬವನ್ನು ಸಿಕ್ಕಿಸಿಕೊಂಡು ಕೈ ಬಿಡುತ್ತಾನೆ. ಮೊತ್ತಮೊದಲ ಪಾಠವೇ ಹೀಗೆ ತಲೆಕೆಳಗಾದ ಹಿಡಿತವಾದರೂ, ಆ ಪಾಠದ ವೇಳೆಯಲ್ಲಿ ವಸ್ತಾದನ ಒಂದು ಕೈ ಹುಡುಗನ ಸೊಂಟದ ಬಳಿಯಲ್ಲಿಯೇ ಇರುತ್ತದೆಂಬುದನ್ನು ಮರೆಯಬಾರದು. ದಸರಂಗ, ಬಗಲಿ, ಫಿರಕಿ ಎಂಬ ಹಿಡಿತಗಳೂ ತಿರುವುಗಳೂ ಒಂದೊಂದಾಗಿ ಆಮೇಲೆ ಬರುತ್ತವೆ. ಹಿಂದೆ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಹಗ್ಗದ ಮಲ್ಲಗಂಬವನ್ನೇ ಕಲಿಸುತ್ತಿದ್ದರು; ಈಗ ಅವರು ಮರದ ಕಂಬವನ್ನೂ ಏರುತ್ತಾರೆ. 1936ರ ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಈ ವಿದ್ಯೆಯನ್ನು ಯೂರೋಪಿನವರ ಮುಂದೆ ತೋರಿಸಿದರು. 2019ರ ಫೆಬ್ರುವರಿಯಲ್ಲಿ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಇದರ ಮೊದಲ ವಿಶ್ವಸ್ಪರ್ಧೆ ನಡೆಯಿತು.

ಇನ್ನು ಇಂಗ್ಲೆಂಡಿನ ಕಡೆಗೆ ತಿರುಗಿದರೆ, ಆ ನಾಡಿಗೂ ಕಂಬ ಹೊಸದಲ್ಲ. ವಸಂತದ ಆಗಮನದಲ್ಲಿ, ಮೇ ತಿಂಗಳ ಮೊದಲ ದಿನ, ಊರಿನ ನಡುವೆ ಎತ್ತರವಾದ ಮರವನ್ನು ನೆಟ್ಟು ಹೂವುಗಳಿಂದ ಅಲಂಕರಿಸಿ, ಗಂಡು ಹೆಣ್ಣುಗಳು ಅದರ ಸುತ್ತ ಕುಣಿಯುವ ಮೇಪೋಲ್ ಪದ್ಧತಿ ಆ ದೇಶದಲ್ಲಿ ಮಧ್ಯಯುಗದಿಂದ ಬಂದುದು. ಅದನ್ನು ಕಂಡು ಮುನಿದವರೂ ಇದ್ದರು. ಪ್ಯೂರಿಟನ್ ಪಂಥದ ಫಿಲಿಪ್ ಸ್ಟಬ್ಸ್ ಎಂಬವನು 1583ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಕಂಬವನ್ನು ವಿಗ್ರಹಾರಾಧನೆಯೆಂದೂ ಅದರ ಸುತ್ತಣ ಕುಣಿತವನ್ನು ಅನೀತಿಯೆಂದೂ ಖಂಡಿಸಿದನು. 1644ರಲ್ಲಿ ಪಾರ್ಲಿಮೆಂಟು ದೇಶದ ಎಲ್ಲ ಮೇಪೋಲುಗಳನ್ನೂ ಕೆಡವಬೇಕೆಂದು ಶಾಸನವನ್ನೇ ಮಾಡಿತು. ಅರಸೊತ್ತಿಗೆ ಮರಳಿ ಬಂದಾಗ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 1661ರಲ್ಲಿ ನಾವಿಕರ ನೆರವಿನಿಂದ ನೂರಮೂವತ್ತು ಅಡಿಗಿಂತಲೂ ಎತ್ತರದ ಕಂಬವನ್ನು ನಿಲ್ಲಿಸಿದರು. ಅದು ಕಾಲಕ್ರಮದಲ್ಲಿ ಶಿಥಿಲವಾಗಿ, 1717-18ರ ಸುಮಾರಿಗೆ ಕೆಳಗಿಳಿದಾಗ, ಐಸಾಕ್ ನ್ಯೂಟನ್ನನು ಅದನ್ನು ಪಡೆದು, ವ್ಯಾನ್‌ಸ್ಟೆಡ್ಡಿನ ಪಾದ್ರಿಯೂ ಖಗೋಲಜ್ಞನೂ ಆದ ಜೇಮ್ಸ್ ಪೌಂಡನ ದೊಡ್ಡ ದೂರದರ್ಶಕವನ್ನು ಎತ್ತಿ ನಿಲ್ಲಿಸಲು ಕಳುಹಿಸಿಕೊಟ್ಟನು. ಕುಣಿತದ ಕಂಬವು ನಕ್ಷತ್ರಗಳನ್ನು ನೋಡುವುದಕ್ಕೆ ಆಧಾರವಾದ ಆ ಕಾಲದಲ್ಲಿಯೇ, ಸ್ಟ್ಯಾನ್ಮೋರಿನ ಪಕ್ಕದ ಕ್ಯಾನನ್ಸ್ ಎಂಬ ಸೌಧದಲ್ಲಿ ಮುಂದೆ ಚ್ಯಾಂಡೋಸಿನ ಡ್ಯೂಕನಾದವನ ಆಶ್ರಯದಲ್ಲಿದ್ದ ಸಂಗೀತಕಾರ ಹ್ಯಾಂಡೆಲನು ಕುರಿಗಾಹಿಯೊಬ್ಬನ ಹಾಗೂ ಜಲದೇವತೆಯೊಬ್ಬಳ ಪ್ರಣಯವನ್ನು ಕುರಿತ ‘ಏಸಿಸ್ ಅಂಡ್ ಗ್ಯಾಲಟೀಯ’ವನ್ನು ರಚಿಸುತ್ತಿದ್ದನು.

ಬಣ್ಣದ ಪಟ್ಟಿಗಳನ್ನು ಹಿಡಿದು ಕಂಬದ ಸುತ್ತ ಹೆಣೆಯುವ ಕುಣಿತ ಇಂಗ್ಲೆಂಡಿನಲ್ಲಿ ಹರಡಿದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಶಾಲೆಗಳ ಮೂಲಕ. ನಮ್ಮ ಹಳೆಯ ಮೈಸೂರು ಸೀಮೆಯ ಜಡೆ ಕೋಲಾಟವನ್ನು ಕಂಡವರಿಗೆ ಅದು ಅಪರಿಚಿತವೆನಿಸಲಾರದು. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲೂ ಕೋಲನ್ನು ಇನ್ನೊಂದು ಕೈಯಲ್ಲೂ ಹಿಡಿದು, ಒಬ್ಬರನ್ನೊಬ್ಬರು ದಾಟುತ್ತ, ಪದದ ಲಯಕ್ಕೆ ತಪ್ಪದೆ ಜಡೆಯನ್ನು ಹೆಣೆದು, ಅದೇ ಲಯದಲ್ಲಿ ಹಿಂದಕ್ಕೆ ಕುಣಿದು ಬಿಚ್ಚುವ ಆ ಕೌಶಲ ಎರಡು ನಾಡುಗಳಿಗೂ ಸಮಾನವಾದುದು.

ಇಷ್ಟನ್ನು ಹೇಳಿ ಡೊಂಬರ ವಿಷಯವನ್ನು ಹೇಳದೆ ಬಿಟ್ಟರೆ ಚರಿತ್ರೆಗೆ ಅನ್ಯಾಯ ಮಾಡಿದಂತಾಗುತ್ತದೆ. ಸಂತೆಯ ಬಯಲಿನಲ್ಲಿ ಡೋಲಿನ ಸದ್ದಿಗೆ ಜನ ನೆರೆಯುತ್ತಿದ್ದಂತೆ, ಉದ್ದವಾದ ಬಿದಿರುಗಳುವಿನ ತುದಿಯನ್ನೇರಿ, ಅದರ ಮೇಲೆ ಹೊಟ್ಟೆಯೂರಿ ಮಲಗಿ ಮೈಯನ್ನು ತಿರುಗಿಸುತ್ತಿದ್ದವಳು ಹೆಂಗಸು; ಕೆಳಗೆ ನಿಂತು ಗಳುವನ್ನು ಕಾಯುತ್ತಿದ್ದವನು ಅವಳ ಅಣ್ಣನೋ ಗಂಡನೋ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಈ ಜನಾಂಗದ ವರ್ಣನೆ ಇದೆ. ಅವರ ಆಟವನ್ನು ಬೆರಗಿನಿಂದ ನೋಡಿದ ಊರು ಅವರಿಗೆ ಕಾಸನ್ನೆಸೆಯಿತೇ ಹೊರತು ಜಗಲಿಯ ಮೇಲೆ ಕುಳ್ಳಿರಿಸಲಿಲ್ಲ. ಬ್ರಿಟಿಷರ ಸರ್ಕಾರ ಮದ್ರಾಸು ಪ್ರಾಂತದಲ್ಲಿ ಅವರನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತು. ಒಂದೇ ಕಂಬ, ಅರಮನೆಯ ಜಟ್ಟಿ ಹಿಡಿದಾಗ ಶಾಸ್ತ್ರವಾಗಿ, ಸಂತೆಯ ಹೆಣ್ಣು ಹಿಡಿದಾಗ ಹೀನವೃತ್ತಿಯಾಗಿ ಕಂಡಿತು. ಇಂದು ಪೋಲ್ ಡ್ಯಾನ್ಸ್ ಎಂದೊಡನೆ ಮುಖ ತಿರುಗಿಸುವವರ ಮನಸ್ಸಿನಲ್ಲಿರುವುದೂ ಈ ಹಳೆಯ ಪಂಕ್ತಿಭೇದವೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಲೋಹದ ಕಂಬದ ಇಂದಿನ ನೃತ್ಯಕ್ಕೆ ಹಲವು ಮೂಲಗಳಿವೆ. ಚೀನದ ಸರ್ಕಸ್ಸುಗಳಲ್ಲಿ ರಬ್ಬರು ಹೊದಿಸಿದ ಕಂಬಗಳ ಮೇಲೆ ಪೂರ್ತಿ ಉಡುಪು ತೊಟ್ಟು ಮಾಡುವ ಸಾಹಸ ಒಂದು. ಅಮೆರಿಕದ ಸಂಚಾರಿ ಪ್ರದರ್ಶನಗಳಲ್ಲಿ ಡೇರೆಯ ನಡುಗಂಬವನ್ನು ಹಿಡಿದು ಕುಣಿಯುತ್ತಿದ್ದವರ ರೂಢಿ ಇನ್ನೊಂದು. ಉತ್ತರ ಅಮೆರಿಕದ ರಾತ್ರಿಕ್ಲಬ್ಬುಗಳು ಮತ್ತೊಂದು. ಆ ಕ್ಲಬ್ಬುಗಳಲ್ಲಿ ದುಡಿದ ಸ್ತ್ರೀಯರೇ ಕಷ್ಟಪಟ್ಟು ಕಂಡುಕೊಂಡ ಹಿಡಿತಗಳನ್ನು 1990ರ ದಶಕದಿಂದೀಚೆಗೆ ಇತರರಿಗೆ ಪಾಠವಾಗಿ ಹೇಳತೊಡಗಿದರು. ಅವರ ಋಣವನ್ನು ಮರೆತು, ನಾವು ಮಾಡುವುದು ಶುದ್ಧ ವ್ಯಾಯಾಮ, ಅವರದು ಬೇರೆ, ಎಂದು ಹೇಳಿಕೊಳ್ಳುವುದು ಸಭ್ಯತೆಯಲ್ಲ. ಬ್ರಿಟನ್ನಿನ ಕೇಟೀ ಕೋಟ್ಸ್ ಮೊದಲಾದವರ ಶ್ರಮದಿಂದ 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘವು ಅದಕ್ಕೆ ವೀಕ್ಷಕ ಸ್ಥಾನವನ್ನು ನೀಡಿತು.

ಈಗ ಸ್ಟ್ಯಾನ್ಮೋರಿನ ಕೊಠಡಿಗೆ ಬರೋಣ. ಆ ಕಾಲದ ಮನೆಗಳ ಚಾವಣಿ ಬಹುಮಟ್ಟಿಗೆ ಎಂಟು ಅಡಿಗಿಂತ ಸ್ವಲ್ಪ ಮೇಲಿರುವುದರಿಂದ, ಮಲ್ಲಗಂಬದ ಎತ್ತರಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಮಲ್ಲಗಂಬ ಭೂಮಿಯಲ್ಲಿ ಹೂತುಕೊಂಡಿರುತ್ತದೆ. ಮನೆಯ ಕಂಬ ಕೇವಲ ಒತ್ತಡದ ಬಲದಿಂದ ನಿಂತಿರುತ್ತದೆ. ನೋಡುವುದಕ್ಕೆ ಗಟ್ಟಿಯಾಗಿ ಕಾಣುವ ಆ ಬಿಳಿಯ ಚಾವಣಿ ತೆಳುವಾದ ಗಾರೆ ಅಥವಾ ಹಲಗೆಯ ಹೊದಿಕೆಯಷ್ಟೇ ಆಗಿದ್ದು, ಅದರ ಹಿಂದೆ ಸುಮಾರು ಒಂದೂಕಾಲು ಒಂದೂವರೆ ಅಡಿಗೊಂದರಂತೆ ಮರದ ಜಂತೆಗಳಿರುತ್ತವೆ. ಕಂಬದ ತಲೆ ಜಂತೆಯ ಕೆಳಗೇ ಬರಬೇಕು. ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದರೆ ಟೊಳ್ಳಾದ ಕಡೆಯ ಸದ್ದಿಗೂ ಜಂತೆ ಇರುವ ಕಡೆಯ ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ. ಜಂತೆಯನ್ನು ಪತ್ತೆಹಚ್ಚುವ ಸಣ್ಣ ಯಂತ್ರವೂ ಅಂಗಡಿಯಲ್ಲಿ ದೊರೆಯುತ್ತದೆ. ಸಂದೇಹವಿದ್ದರೆ ಬಡಗಿಯನ್ನು ಕರೆಸಿ ಕೇಳುವುದಕ್ಕೆ ನಾಚಬಾರದು. ಕಂಬದ ಸುತ್ತ ಕಾಲು ಚಾಚಿ ತಿರುಗಿದರೆ ಗೋಡೆಯಾಗಲಿ ದೀಪವಾಗಲಿ ತಾಗದಷ್ಟು ತೆರಪಿರಬೇಕು. ಬುಡದಲ್ಲಿ ದಪ್ಪನೆಯ ಮೆತ್ತೆ ಇರಬೇಕು. ಪ್ರತಿ ಅಭ್ಯಾಸಕ್ಕೂ ಮೊದಲು ಕಂಬವನ್ನು ಅಲುಗಿಸಿ ಬಿಗಿಯನ್ನು ಪರೀಕ್ಷಿಸುವುದು, ಗರಡಿಯಲ್ಲಿ ಕಂಬಕ್ಕೆ ನಮಸ್ಕರಿಸುವಂತೆ, ತಪ್ಪದ ಆಚಾರವಾಗಬೇಕು.

ಎಣ್ಣೆಯ ವಿಷಯದಲ್ಲಿ ಮಾತ್ರ ಗರಡಿಯ ನಿಯಮವನ್ನು ತಲೆಕೆಳಗು ಮಾಡಬೇಕು. ಮಲ್ಲಗಂಬದ ಬುಡ ಒಂದು ಗೇಣಿಗೆ ಹತ್ತಿರದ ದಪ್ಪವಿದ್ದರೆ ಇಂದಿನ ಉಕ್ಕಿನ ಕಂಬದ ವ್ಯಾಸ ಸಾಮಾನ್ಯವಾಗಿ 45 ಮಿಲಿಮೀಟರು. ಇಲ್ಲಿ ಮೈಯನ್ನು ಎತ್ತಿಹಿಡಿಯುವುದು ಬರಿಯ ಚರ್ಮಕ್ಕೂ ಲೋಹಕ್ಕೂ ನಡುವಣ ಹಿಡಿತ. ತೋಳು ತೊಡೆಗಳು ತೆರೆದಿರುವ ಉಡುಪು ಇದಕ್ಕಾಗಿಯೇ, ಪ್ರದರ್ಶನಕ್ಕಾಗಿ ಅಲ್ಲ. ಮನೆಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಿದರೆ ಅರ್ಥವಾಗದ ಸಂಗತಿಯೇನೂ ಅಲ್ಲ. ಅಭ್ಯಾಸದ ದಿನ ಮೈಗೆ ಎಣ್ಣೆಯನ್ನಾಗಲಿ ಲೇಪವನ್ನಾಗಲಿ ಹಚ್ಚಬಾರದು. ಉಂಗುರ ಬಳೆಗಳನ್ನು ತೆಗೆದಿಡಬೇಕು. ಕಂಬವನ್ನು ಆಗಾಗ ಒರೆಸಬೇಕು. ಮೊದಲ ದಿನಗಳಲ್ಲಿ ಮೊಣಕಾಲ ಕೆಳಗೂ ತೊಡೆಯ ಒಳಗೂ ನೀಲಿಗಟ್ಟುವುದು ಸಾಮಾನ್ಯ, ಅಭ್ಯಾಸದಿಂದ ಅದು ಕಡಮೆಯಾಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು ಮಾತ್ರ ಬೇರೆಯ ಮಾತು, ಅದು ಕಂಡೊಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೂಳೆ ಕೀಲುಗಳ ಚಿಕಿತ್ಸೆಗೆ ಹೆಸರಾದ ರಾಷ್ಟ್ರೀಯ ಆಸ್ಪತ್ರೆಯೊಂದು 1922ರಿಂದ ಸ್ಟ್ಯಾನ್ಮೋರಿನ ಬ್ರಾಕ್ಲಿ ಗುಡ್ಡದ ಮೇಲಿದ್ದರೂ, ಅಲ್ಲಿಗೆ ಹೋಗುವ ಪ್ರಸಂಗವನ್ನು ತಂದುಕೊಳ್ಳದಿರುವುದೇ ಲೇಸು.

ಕ್ರಮವನ್ನು ಕುರಿತು ಒಂದು ಮಾತು. ಮೊದಲು ಕಂಬವನ್ನು ಹಿಡಿದು ಮುಂಗಾಲಿನ ಮೇಲೆ ಸುತ್ತ ನಡೆಯುವುದು. ಆಮೇಲೆ ಭುಜವನ್ನು ಕಿವಿಯತ್ತ ಕುಗ್ಗಿಸದೆ, ಬೆನ್ನಿನ ಬಲದಿಂದ ಮೈಯನ್ನು ಎರಡು ಉಸಿರಿನ ಕಾಲ ಎತ್ತಿಹಿಡಿಯುವುದು. ಆಮೇಲೆ ಸುಲಭವಾದ ತಿರುವುಗಳು. ಆಮೇಲೆ ಪಾದ ಮೊಣಕಾಲುಗಳಿಂದ ಕಂಬವನ್ನು ಕಚ್ಚಿ ಏರುವುದು, ಏರಿದಷ್ಟೇ ನಿಧಾನವಾಗಿ ಇಳಿಯುವುದು. ಬಲಗಡೆ ಮಾಡಿದುದನ್ನೆಲ್ಲ ಎಡಗಡೆಯೂ ಮಾಡಬೇಕು, ಎಡಗಡೆ ಎಷ್ಟೇ ಒಡ್ಡಾಗಿ ಕಂಡರೂ. ತಲೆಕೆಳಗಾಗುವ ಪಾಠವನ್ನು ಮನೆಯಲ್ಲಿ ಒಂಟಿಯಾಗಿ ಆರಂಭಿಸಬಾರದು. ನೆಲವನ್ನೊದೆದು ಹಾರಿ ಕಾಲನ್ನು ಮೇಲಕ್ಕೆಸೆಯುವುದಕ್ಕೆ ಬದಲಾಗಿ, ಹೊಟ್ಟೆಯ ಬಲದಿಂದ ಮೆಲ್ಲಗೆ ಎತ್ತುವ ಶಕ್ತಿ ಬಂದಮೇಲೆ, ಬಲ್ಲವರೊಬ್ಬರು ಪಕ್ಕದಲ್ಲಿ ನಿಂತಿರುವಾಗ ಮೊದಲ ಬಾರಿಗೆ ಮಾಡಬೇಕು. ವಸ್ತಾದನ ಆ ಒಂದು ಕೈ ಮನೆಯಲ್ಲಿ ಇಲ್ಲದಿರುವುದೇ ಮನೆಯ ಅಭ್ಯಾಸದ ದೊಡ್ಡ ಕೊರತೆ. ಆದುದರಿಂದ ತಿಂಗಳಿಗೆ ಕೆಲವು ಸಲವಾದರೂ ಶಿಕ್ಷಕರಿರುವ ತರಗತಿಗೆ ಹೋಗಿ, ಅಲ್ಲಿ ತಿದ್ದಿಸಿಕೊಂಡುದನ್ನು ಮನೆಯಲ್ಲಿ ಗಟ್ಟಿಮಾಡಿಕೊಳ್ಳುವುದು ಉತ್ತಮವಾದ ಮಾರ್ಗ. ವಯಸ್ಸು ಮೀರಿತೆಂದೋ, ಮೈ ಭಾರವೆಂದೋ, ಹೆರಿಗೆಯ ಅನಂತರ ಹೊಟ್ಟೆ ಸಡಿಲವಾಯಿತೆಂದೋ ಹಿಂಜರಿಯುವವರು, ವೈದ್ಯರ ಒಪ್ಪಿಗೆ ದೊರೆತ ಮೇಲೆ, ಧೈರ್ಯದಿಂದ ಮೊದಲ ಹೆಜ್ಜೆಯನ್ನಿಡಬೇಕು. ಸೋಮೇಶ್ವರನು ಎಲ್ಲ ಮಲ್ಲರನ್ನೂ ಒಂದೇ ಅಳತೆಯಿಂದ ಅಳೆಯದೆ ತರಗತಿಗಳನ್ನು ಮಾಡಿದುದು ಏಕೆಂಬುದನ್ನು ಇವರು ಮನಸ್ಸಿಗೆ ತಂದುಕೊಳ್ಳಬೇಕು.

ಮನೆಯಲ್ಲಿ ಕಂಬವನ್ನು ನಿಲ್ಲಿಸಿಕೊಂಡಿರುವ ಕನ್ನಡದ ಅಕ್ಕತಂಗಿಯರಲ್ಲಿ ನನ್ನದೊಂದು ವಿನಂತಿ: ಊರಿನಿಂದ ಅತ್ತೆ ಮಾವಂದಿರು ಬಂದಾಗ ಅದನ್ನು ಬಿಚ್ಚಿಡಬೇಡಿ. ಬಸವಕಲ್ಯಾಣದ ಕಥೆಯನ್ನು ಅವರಿಗೆ ಹೇಳಿ, ಕಂಬದ ಸುತ್ತ ಒಂದು ಸುತ್ತು ನಡೆದು ತೋರಿಸಿ. ಬಾಗಲಕೋಟೆಯ ಕಡೆಯವರಾದರೆ ತಮ್ಮ ಊರಿನ ತಾಲೀಮಿನ ವಸ್ತಾದ ಹೇಗೆ ಕಲಿಸುತ್ತಿದ್ದನೆಂಬುದನ್ನು ಅವರೇ ನಿಮಗೆ ಹೇಳಿಯಾರು, ಅದನ್ನು ಬರೆದಿಟ್ಟುಕೊಳ್ಳಿ.